ಅಪ್ಪನ ಹೂಂ

ಫೋನು ಕಟ್ಟಾಗಿ ಹೋಗಿತ್ತು. ಅಪ್ಪ ಮಾತ್ರ ಅದನ್ನು ಕಿವಿಗೆ ಒತ್ತಿಕೊಂಡು ಹೂಂಗುಟ್ಟುತ್ತಲೇ ಇದ್ದರು.

ನಾನು ಅಂಗಡಿಯ ಹಿಂದಿನ ಕೋಣೆಗೆ ಹೋದದ್ದು ಸ್ಟಿಕರ್ ರೋಲು ತರಲಿಕ್ಕೆ. ತಗಡಿನ ಹಾಳೆಗಳನ್ನು ಒರಗಿಸಿಟ್ಟ ಗೋಡೆಯ ಹತ್ತಿರ ಅಪ್ಪ ನನಗೆ ಬೆನ್ನು ಹಾಕಿ ನಿಂತು, "ಹೂಂ... ಹೂಂ... ಹೌದಾ... ಹೂಂ" ಎಂದು ತಲೆದೂಗುತ್ತಿದ್ದರು. ಕಿವಿಯಿಂದ ಸ್ವಲ್ಪ ಸರಿದಿದ್ದ ಫೋನಿನ ಪರದೆಯ ಮೇಲೆ ನಮ್ಮ ಬೆಕ್ಕಿನ ಚಿತ್ರವಿತ್ತು. ವಾರವಾರವೂ ಫೋನು ಮಾಡುವ ಅತ್ತೆಯ, ಅಂದರೆ ಅಪ್ಪನ ತಂಗಿಯ, ಜೊತೆ ಮಾತು ನಡೆಯುತ್ತಿದ್ದರೆ ಅಲ್ಲಿ ಅತ್ತೆಯ ಹೆಸರಿರಬೇಕು, ಬೆಕ್ಕಲ್ಲ. ಇದು ಎಲ್ಲಿಯವರೆಗೆ ಹೋಗುತ್ತದೋ ನೋಡೋಣ ಎಂದು ನಾನು ಸದ್ದಿಲ್ಲದೆ ನಿಂತೆ. ಅಪ್ಪ ಇನ್ನೊಂದಷ್ಟು ಹೊತ್ತು ಬೆಕ್ಕಿಗೆ ಹೂಂಗುಟ್ಟಿದರು, "ನೀನೇ ಯೋಚನೆ ಮಾಡು" ಎಂದು ಅದಕ್ಕೆ ಬುದ್ಧಿ ಹೇಳಿದರು, "ಸರಿ, ಹುಷಾರು" ಎಂದು ಫೋನನ್ನು ಜೇಬಿಗೆ ಹಾಕಿಕೊಂಡರು. ತಿರುಗಿ ನನ್ನನ್ನು ನೋಡಿ, ಅತ್ತೆ ಚೆನ್ನಾಗಿದ್ದಾಳಂತೆ ಎಂದು ವರದಿಯನ್ನೂ ಒಪ್ಪಿಸಿದರು.

ನಮ್ಮದು ಬೋರ್ಡಿನ ಅಂಗಡಿ. ಅಪ್ಪ ತಗಡು ಕತ್ತರಿಸಿ, ಅಂಚು ಮಡಿಚಿ, ಬಡಿದು ಬೋರ್ಡು ಮಾಡುತ್ತಾರೆ. ನಾನು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಕಟಿಂಗ್ ಮಷೀನಿಗೆ ಕೊಡುತ್ತೇನೆ, ಅದು ಬಣ್ಣದ ಸ್ಟಿಕರಿನ ಮೇಲೆ ಅಕ್ಷರಗಳನ್ನು ಕೊಯ್ಯುತ್ತದೆ. ಅಕ್ಷರದ ಸುತ್ತಲಿನ, ಹೊಟ್ಟೆಯೊಳಗಿನ ಬೇಡದ ಚೂರುಗಳನ್ನು ಚಿಮುಟದಿಂದ ಎಬ್ಬಿಸಿ ತೆಗೆಯುವುದು ಅಮ್ಮನ ಕೆಲಸ. ತಗಡು ಬಡಿದೂ ಬಡಿದೂ ಅಪ್ಪನ ಕಿವಿ ಮಂದವಾಗಿದ್ದು ನಮಗೆ ಗೊತ್ತಿದ್ದ ಸಂಗತಿಯೇ. ಎದುರಿಗಿದ್ದವರ ತುಟಿ ನೋಡಿಕೊಂಡು ಹೇಗೋ ಸಂಭಾಳಿಸುತ್ತಿದ್ದರು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟಾಗ, ಇದನ್ನು ಹಾಕಿಕೊಂಡರೆ ಸುತ್ತಿಗೆ ತಲೆಯೊಳಗೇ ಬಿದ್ದ ಹಾಗಾಗುತ್ತದೆ ಎಂದು ಅದನ್ನು ತಗಡಿಗೆ ಹೊಡೆಯುವ ರಿವಿಟ್ಟಿನ ಡಬ್ಬಿಗೆ ಹಾಕಿಬಿಟ್ಟಿದ್ದರು. ಆದರೆ ಫೋನಿನಲ್ಲಿ ತುಟಿ ಎಲ್ಲಿಂದ ಬರಬೇಕು? ಅಷ್ಟು ಸರಳವಾದ ಪ್ರಶ್ನೆ ನನ್ನ ತಲೆಗೆ ಅಲ್ಲಿಯತನಕ ಹೊಳೆದೇ ಇರಲಿಲ್ಲ.

ಓಡಿಬಂದು ಅಮ್ಮನಿಗೆ ಹೇಳಿದೆ. ಅಮ್ಮ ಒಂದು ಅಕ್ಷರದ ಕೊಂಬನ್ನು ಬಿಡಿಸುತ್ತಿದ್ದವರು ತಲೆಯೆತ್ತಲಿಲ್ಲ.

"ನಿನಗೆ ಈಗ ಗೊತ್ತಾಯ್ತಾ? ಗಂಡಸರಿಗೆ ಕಿವಿ ಕೇಳದೇ ಹೋದ್ರೆ ಬೇಗ ಗೊತ್ತಾಗಲ್ಲ ಕಣೆ. ಕೇಳಿಸೋರೂ ಹಾಗೇ ಹೂಂ ಅಂತಿರ್ತಾರೆ."

ನನಗೆ ಮೂಗು ತೂರಿಸುವ ಚಾಳಿ ಹುಟ್ಟಿನಿಂದಲೇ ಇದೆ. ಅಪ್ಪನ ಎದುರು ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳುತ್ತ ಹೋದೆ. ಮೊದಲು ಸಿಡುಕಿದರು. ಆಮೇಲೆ ಅಪ್ಪ ತಮ್ಮ ವಿದ್ಯೆಯನ್ನೆಲ್ಲ ಬಿಚ್ಚಿಟ್ಟರು. ಅದೂ ಒಂದು ಕಸುಬೇ ಅಂತೆ. ಫೋನಿನಲ್ಲಿ ಗುಂಯ್ ಅನ್ನುವುದು ನಿಂತರೆ ಒಂದು ಹೂಂ. ಹೆಚ್ಚು ಹೊತ್ತು ನಿಂತರೆ ಅವಳೇನೋ ಕೇಳಿದ್ದಾಳೆ ಎಂದರ್ಥ, ಆಗ "ನೀನೇ ಯೋಚನೆ ಮಾಡು." ಗುಂಯ್ ಅನ್ನುವುದು ಏರಿದರೆ "ಹೌದಾ." ಕಷ್ಟ ಏನೆಂದರೆ, ಅಪ್ಪನ ಕಿವಿಯೊಳಗೇ ಒಂದು ಗುಂಯ್ ಸದಾ ಇರುತ್ತದೆ. ಅದರಲ್ಲಿ ತಂಗಿಯದು ಯಾವುದು, ತನ್ನ ಕಿವಿಯದು ಯಾವುದು ಎಂದು ಒಮ್ಮೊಮ್ಮೆ ತಿಳಿಯುವುದಿಲ್ಲ. ಫೋನು ಕಟ್ಟಾದದ್ದು ಗೊತ್ತಾಗದೇ ಇದ್ದದ್ದು ಅದಕ್ಕೇ.

ಹಾಗಾದರೆ ವರ್ಷದಿಂದ ಅತ್ತೆ ಹೇಳಿದ್ದರಲ್ಲಿ ನಿಮಗೆ ಗೊತ್ತಾದದ್ದು ಎಷ್ಟು ಎಂದು ಕೇಳಿದೆ. ಏನೂ ಇಲ್ಲ ಎಂದರು. ಮತ್ತೆ ಯಾಕೆ ಎತ್ತುತ್ತೀರಿ, ಕೇಳಿಸುವುದಿಲ್ಲ ಎಂದು ಹೇಳಿಬಿಡಬಾರದೇ ಎಂದೆ.

"ಹೇಳಿದ್ರೆ ಫೋನು ಮಾಡೋದು ನಿಲ್ಲಿಸ್ತಾಳೆ. ಮಾತು ಕೇಳದಿದ್ರೇನಾಯ್ತು, ಅವಳು ಇದ್ದಾಳೆ ಅಂತ ಕೇಳುತ್ತಲ್ಲ."

ಅದನ್ನು ಹೇಳುವಾಗ ಅಪ್ಪನ ಮುಖ ನೋಡಿ ನನಗೆ ಅಯ್ಯೋ ಅನಿಸಿತು. ಅತ್ತೆಗೆ ಈ ವಿಷಯದ ವಾಸನೆಯೂ ಬಡಿಯಕೂಡದು ಎಂದು ಮಾತು ತೆಗೆದುಕೊಂಡರು. ಕೊಟ್ಟೆ. ಆದರೆ ತಲೆಯೊಳಗೆ ಹುಳ ಹೊಕ್ಕಾಗಿತ್ತು.

ಅತ್ತೆ ದೂರದ ಊರಿನಲ್ಲಿ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾರೆ. ಮದುವೆಯ ಗೊಡವೆಯೇ ಬೇಡ ಎಂದು ಒಂಟಿಯಾಗಿ, ನೆಮ್ಮದಿಯಾಗಿ ಇದ್ದವರು. ದಿನವಿಡೀ ಪಿಸುಗುಟ್ಟಿ ಪಿಸುಗುಟ್ಟಿ ಅವರ ದನಿ ಮನೆಗೆ ಬಂದರೂ ಏಳುವುದಿಲ್ಲ. ಅಪ್ಪ ಅವರನ್ನು ಇವತ್ತಿಗೂ ಗುಬ್ಬಿ ಎಂದೇ ಕರೆಯುತ್ತಾರೆ. ನನ್ನ ಹತ್ತಿರ ಮಾತಾಡಿದರೆ ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ, ಅಲ್ಲಿಗೆ ಮುಗಿಯಿತು. ಅಮ್ಮನ ಹತ್ತಿರವೂ ಅಷ್ಟೇ. ಅಪ್ಪನ ಹತ್ತಿರ ಮಾತ್ರ ವಾರವಾರವೂ ಮಾತು ಮುಗಿಯುವುದೇ ಇಲ್ಲ. ಕೇಳಿಸದ ಮನುಷ್ಯನ ಕಿವಿಗೆ ಈ ಮಿತಭಾಷಿ ಹೆಂಗಸು ಅಷ್ಟು ಹೊತ್ತು ಸುರಿಯುವುದಾದರೂ ಏನನ್ನು? ಸ್ಟಿಕರ್ ಕತ್ತರಿಸುವಾಗಲೂ, ತಟ್ಟೆ ತೊಳೆಯುವಾಗಲೂ ನನಗೆ ಅದೇ ಯೋಚನೆಯಾಯಿತು.

ದಾರಿ ತೋರಿಸಿದ್ದು ಹಲ್ಲಿನ ಡಾಕ್ಟರು. ಬೋರ್ಡಿನ ಅಳತೆಯನ್ನು ಫೋನಿನಲ್ಲಿ ಹೇಳುತ್ತೇನೆ ಎಂದಿದ್ದ ಆ ಪುಣ್ಯಾತ್ಮರು ನಾನಿಲ್ಲದ ಹೊತ್ತು ನೋಡಿ ಮಾಡಿದ್ದಾರೆ. ಅಪ್ಪ ಹೂಂ ಅಂದಿದ್ದಾರೆ. ಆಮೇಲೆ ಅಂದಾಜಿನ ಮೇಲೆ ಕೈಗೆ ಸಿಕ್ಕ ದೊಡ್ಡ ಹಾಳೆಯನ್ನೇ ಮಡಿಚಿಟ್ಟಿದ್ದಾರೆ. ಡಾಕ್ಟರಿಗೆ ಬೇಕಾಗಿದ್ದದ್ದು ಬಾಗಿಲ ಪಕ್ಕದಲ್ಲಿ ತೂಗುಹಾಕುವ ಪುಟ್ಟ ಬೋರ್ಡು. ನಾವು ಹೊತ್ತುಕೊಂಡು ಹೋದದ್ದನ್ನು ಏರಿಸಿದ್ದರೆ ಅವರ ಕಿಟಕಿಯೂ ಮುಚ್ಚಿಹೋಗುತ್ತಿತ್ತು, ಕೆಳಗಿನ ಮಹಡಿಯವರ ಬೆಳಕೂ ಹೋಗುತ್ತಿತ್ತು. ವಾಪಸು ತಂದವರೇ ಅಪ್ಪ ಅದನ್ನು ಗೋಡೆಗೆ ಮುಖ ಮಾಡಿ ಒರಗಿಸಿಟ್ಟರು.

ಕಾದ ಕಬ್ಬಿಣ ಎಂದುಕೊಂಡು ನಾನು ಅವತ್ತೇ ವಿಷಯ ತೆಗೆದೆ. ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಸಾಫ್ಟ್‌ವೇರ್ ಇದೆ, ಜೋಡಿಸಿದರೆ ಕರೆಯ ಧ್ವನಿ ಕಂಪ್ಯೂಟರಿಗೆ ಬರುತ್ತದೆ, ಕೇಳಿಸಿದ್ದನ್ನು ಅಕ್ಷರದಲ್ಲಿ ಬರೆದು ತೋರಿಸುವ ಇನ್ನೊಂದು ಸಾಫ್ಟ್‌ವೇರ್ ಇದೆ, ಎರಡನ್ನೂ ಹೊಂದಿಸಿದರೆ ಗಿರಾಕಿ ಹೇಳಿದ್ದನ್ನು ನೀವು ಓದಬಹುದು ಎಂದೆ. ಅಪ್ಪ ತಗಡಿನ ಅಂಚನ್ನು ಸವರುತ್ತ, ಗಿರಾಕಿಗಳಿಗೆ ಮಾತ್ರ ಎಂದರು. ಗುಬ್ಬಿ ಫೋನು ಮಾಡಿದಾಗ ಅದರ ಸುದ್ದಿ ಬೇಡ. ಆಯಿತು ಎಂದೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ನಮ್ಮ ಕಂಪ್ಯೂಟರಿಗೆ ಕಟಿಂಗ್ ಮಷೀನಿನ ಹೊರತು ಬೇರೆ ಸಂಸಾರವೇ ಇರಲಿಲ್ಲ. ಹೊಸ ಸಾಫ್ಟ್‌ವೇರ್ ಹಾಕಿದಾಗ ಅದು ಏದುಸಿರು ಬಿಡುತ್ತ ಮಲಗಿ ಎದ್ದಿತು. ಹತ್ತಿರದಲ್ಲಿರುವ ಸಾಧನಗಳನ್ನು ಹುಡುಕು ಎಂದರೆ ಇಡೀ ಬೀದಿಯನ್ನೇ ಎಳೆದುತಂದಿತು. ಯಾರದೋ ಟಿವಿ, ಯಾರದೋ ಕೈಗಡಿಯಾರ, ಹೆಸರಿಲ್ಲದ ಇನ್ನೇನೇನೋ. ಅಪ್ಪನ ಫೋನು ಇದೇ ಇರಬೇಕು ಎಂದು ನಾನು ಒತ್ತಿದ್ದು ಪಕ್ಕದ ಸೆಲೂನಿನ ಸ್ಪೀಕರಂತೆ. ಸ್ವಲ್ಪ ಹೊತ್ತಿಗೆ ಕ್ಷೌರದಂಗಡಿಯವರು ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬಂದು, ನಮ್ಮ ಹಾಡು ನಿಂತು ನಿಮ್ಮ ಮಷೀನಿನ ಟಿಂಯ್ ಟಿಂಯ್ ಬರುತ್ತಿದೆ, ಗಿರಾಕಿ ತಲೆ ಅಲ್ಲಾಡಿಸುತ್ತಿದ್ದಾನೆ ಎಂದು ದೂರಿದರು. ಅವರಿಗೆ ಸಮಾಧಾನ ಹೇಳಿ ಕಳಿಸಿದೆ.

ಕೊನೆಗೂ ಅಪ್ಪನ ಫೋನು ಸಿಕ್ಕಿತು. ಕಂಪ್ಯೂಟರಿನ ಮೇಲೆ ಒಂದು ಸಂಖ್ಯೆ ಬಂತು, ಫೋನಿನ ಮೇಲೂ ಬಂತು. ಎರಡೂ ಒಂದೇನಾ ನೋಡಿ ಒತ್ತಿ ಎಂದು ಫೋನು ಕೇಳಿತು. ಅಪ್ಪ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿ, ಅಲ್ಲಿ ನೋಡಿ, ಇಲ್ಲಿ ನೋಡಿ, ಬೋರ್ಡಿನ ಅಳತೆ ತಾಳೆ ನೋಡುವಷ್ಟು ಶ್ರದ್ಧೆಯಿಂದ ಒಪ್ಪಿಗೆ ಕೊಟ್ಟರು. ಅಷ್ಟರಲ್ಲಿ ಫೋನಿಗೆ ಬೇಸರವಾಗಿ ಸಂಖ್ಯೆ ಬದಲಾಗಿತ್ತು. ಮತ್ತೆ ಮೊದಲಿನಿಂದ ಶುರು. ತಗಡು ಹಿಡಿದು ದಡ್ಡುಗಟ್ಟಿದ ಆ ಹೆಬ್ಬೆರಳನ್ನು ಪರದೆ ಬೆರಳೆಂದೇ ಒಪ್ಪುತ್ತಿರಲಿಲ್ಲವಾದ್ದರಿಂದ ಕಿರುಬೆರಳಿನಿಂದ ಒತ್ತಿಸಿದೆ.

ಆಮೇಲೆ ಅನುಮತಿಗಳ ಸರದಿ. ಹೆಸರುಗಳನ್ನು ನೋಡಲೇ, ಕರೆಗಳನ್ನು ನೋಡಲೇ, ಮೈಕು ಬಳಸಲೇ, ಸಂದೇಶ ಓದಲೇ ಎಂದು ಒಂದಾದ ಮೇಲೊಂದು.

"ಬಾಡಿಗೆಗೆ ಬಂದವನು ಬೀರುವಿನ ಕೀಲಿ ಕೇಳಿದ ಹಾಗಾಯ್ತಲ್ಲ ಇದು" ಎಂದರು ಅಪ್ಪ.

ಒಂದಕ್ಕೆ ಹೂಂ ಎಂದು ಇನ್ನೊಂದಕ್ಕೆ ಬೇಡ ಎಂದರೆ ಅದು ಮುಂದೆ ಹೋಗುವುದಿಲ್ಲ ಎಂದು ಹೇಳಿ, ನಾನು ಕಂಡ ಚೌಕಕ್ಕೆಲ್ಲ ಟಿಕ್ ಹಾಕುತ್ತ ಹೋದೆ. ಎಲ್ಲ ಕರೆಗಳ ಧ್ವನಿಯೂ ಇನ್ನು ಮುಂದೆ ಕಂಪ್ಯೂಟರಿನಲ್ಲೇ ಬರಲಿ ಎಂಬುದೂ ಅದರಲ್ಲಿ ಒಂದು. ಅದಕ್ಕೂ ಟಿಕ್ ಬಿತ್ತು. ಎಲ್ಲರೂ ಮಾಡುವುದು ಹಾಗೇ ತಾನೆ, ಯಾರು ಓದುತ್ತಾರೆ?

ಪರೀಕ್ಷೆಗೆಂದು ಅಮ್ಮ ಮಹಡಿಯ ಅಡುಗೆಮನೆಗೆ ಹೋಗಿ ಅಲ್ಲಿಂದ ಫೋನು ಮಾಡಿದರು. ಕಂಪ್ಯೂಟರಿನ ಸ್ಪೀಕರಿನಲ್ಲಿ ಅಮ್ಮನ ದನಿ ಬಂತು. ಪರದೆಯ ಕೆಳಗಡೆ ಅಕ್ಷರಗಳು ತಡವರಿಸಿಕೊಂಡು ಮೂಡಿದವು: ಊಟ ತಣ್ಣಗಾಗ್ತಿದೆ, ಬರ್ತೀರಾ ಇಲ್ವಾ. ಅಪ್ಪ ಓದಿದರು. ಇನ್ನೊಮ್ಮೆ ಓದಿದರು. ಫೋನಿನಲ್ಲಿ ಒಬ್ಬರು ಆಡಿದ ಮಾತು ಅವರಿಗೆ ತಲುಪಿ ಎಷ್ಟು ಕಾಲವಾಗಿತ್ತೋ ಏನೋ, ಚಿಕ್ಕ ಮಕ್ಕಳ ಹಾಗೆ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಕಂಪ್ಯೂಟರಿನ ಮೈಕಿಗೆ ಬಾಗಿ, ಬಂದೆ ಎಂದರು. ಆ ಹೊತ್ತಿನಲ್ಲಿ ಅಪ್ಪನ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಉಕ್ಕಿಬಂತು.

ಮಾರನೆಯ ದಿನದಿಂದ ಗಿರಾಕಿಗಳ ಕರೆಯನ್ನೆಲ್ಲ ಅಪ್ಪನೇ ಓದತೊಡಗಿದರು. ಅಳತೆಯನ್ನು ಎರಡೆರಡು ಸಲ ಕೇಳಿ ಗಿರಾಕಿಗಳ ಪ್ರಾಣ ತಿಂದರು. ಒಂದೇ ಒಂದು ಎಡವಟ್ಟು. ಕರೆಯ ನಡುವೆ ಅಪ್ಪ ತಗಡಿನ ಮೇಲೆ ಸುತ್ತಿಗೆ ಇಟ್ಟರೆ ಆ ಸಾಫ್ಟ್‌ವೇರ್ ಅದನ್ನು ಚಪ್ಪಾಳೆ ಎಂದು ಬರೆಯುತ್ತಿತ್ತು. ಇಷ್ಟು ವರ್ಷ ಬಡಿದಿದ್ದಕ್ಕೆ ಈಗಲಾದರೂ ಒಬ್ಬರು ಮೆಚ್ಚಿದರಲ್ಲ ಎಂದು ಅಪ್ಪ ಖುಷಿಪಟ್ಟರು.

ಅಂಗಡಿಗೆ ವಾರದ ರಜೆಯ ದಿನ ಬಂತು. ಅತ್ತೆ ಫೋನು ಮಾಡುವುದು ಆ ಮಧ್ಯಾಹ್ನವೇ. ಶಟರು ಅರ್ಧ ಇಳಿಸಿಕೊಂಡು, ನಾನು ಕಂಪ್ಯೂಟರಿನ ಮುಂದೆ ಒಂದು ತುರ್ತು ಬೋರ್ಡಿನ ಅಕ್ಷರ ಜೋಡಿಸುತ್ತಿದ್ದೆ. ಪಕ್ಕದಲ್ಲಿ ಅಮ್ಮ ಚಿಮುಟ ಹಿಡಿದು ಕೂತಿದ್ದರು. ಅಪ್ಪನ ಜೇಬಿನಲ್ಲಿ ಫೋನು ನಡುಗಿತು. ಅಪ್ಪ ಹೆಸರು ನೋಡಿ, ಹಸಿರು ಗುಂಡಿಯನ್ನು ಕಿರುಬೆರಳಿನಿಂದ ಎಳೆದು, ನಮ್ಮ ಕಡೆ ತಿರುಗಿಯೂ ನೋಡದೆ ಹಿಂದಿನ ಕೋಣೆಗೆ ಹೋದರು.

ನನ್ನ ಮುಂದಿದ್ದ ಸ್ಪೀಕರಿನಲ್ಲಿ ಅತ್ತೆಯ ಪಿಸುದನಿ ಬಂತು. ಪರದೆಯ ಕೆಳಗೆ ಅಕ್ಷರಗಳು ಮೂಡಿದವು: ಅಣ್ಣ, ಊಟ ಆಯ್ತಾ.

ಆಗ ನನಗೆ ಆ ಟಿಕ್ಕು ನೆನಪಾಯಿತು. ಎಲ್ಲ ಕರೆಗಳ ಧ್ವನಿಯೂ ಎಂದರೆ ಅತ್ತೆಯ ಕರೆಯೂ ಸೇರಿತಲ್ಲ. ತಕ್ಷಣ ಕಂಪ್ಯೂಟರಿನಲ್ಲಿ ಆ ಕಿಟಕಿ ತೆರೆದು ಟಿಕ್ಕು ತೆಗೆಯಬೇಕಾಗಿತ್ತು. ಮೌಸಿನ ಮೇಲೆ ಕೈಯೂ ಇತ್ತು. ಅದು ಅಲುಗಲಿಲ್ಲ. ಒಂದೇ ಒಂದು ವಾಕ್ಯ ಕೇಳಿ ತೆಗೆಯುತ್ತೇನೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ಹಿಂದಿನ ಕೋಣೆಯಿಂದ ಅಪ್ಪನ "ಹೂಂ" ಕೇಳಿಸಿತು. ಆದರೆ ಈಗ ಮಾತು ಕೇಳಿಸಿಕೊಳ್ಳುತ್ತಿದ್ದದ್ದು ನನ್ನ ಮುಂದಿನ ಮೈಕು, ಅಪ್ಪನ ಕೈಯಲ್ಲಿದ್ದ ಫೋನಲ್ಲ. ಅಲ್ಲಿ ಅವರು ಹೇಳಿದ್ದೆಲ್ಲ ತಗಡಿನ ಹಾಳೆಗಳ ಪಾಲಾಗುತ್ತಿತ್ತು. ಅತ್ತ ಅತ್ತೆಗೆ ಬರಿ ಮೌನ.

"ಅಣ್ಣ? ಇವತ್ತು ಯಾಕೆ ಹೂಂ ಅಂತಾನೇ ಇಲ್ಲ?" ಎಂದರು ಅತ್ತೆ. ಸ್ವಲ್ಪ ಕಾದರು. "ಇರಲಿ ಬಿಡು. ಹೋದ ವಾರ ಹೇಳಿದ್ನಲ್ಲ, ಅದನ್ನೇ ಗಟ್ಟಿ ಮಾಡ್ಕೊಂಡೆ. ಆಪರೇಷನ್ ಬೇಡ ಅಂತ ನಾಳೆ ಆಸ್ಪತ್ರೇಲಿ ಬರ್ಕೊಟ್ಟು ಬಂದುಬಿಡ್ತೀನಿ. ನೀನೂ ಹೂಂ ಅಂದ ಮೇಲೆ ಮನಸ್ಸು ಹಗುರ ಆಯ್ತು."

ಅಮ್ಮನ ಕೈಯಲ್ಲಿನ ಚಿಮುಟ ನಿಂತಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಮ್ಮ ಎದ್ದು ಹಿಂದಿನ ಕೋಣೆಗೆ ಹೋಗಿ ಅಪ್ಪನನ್ನು ತೋಳು ಹಿಡಿದು ಎಳೆದುಕೊಂಡೇ ಬಂದರು. ಅಪ್ಪನ ಕಿವಿಯಲ್ಲಿ ಇನ್ನೂ ಫೋನಿತ್ತು, ಬಾಯಲ್ಲಿ ಇನ್ನೂ ಹೂಂ ಇತ್ತು. ಗುಟ್ಟು ಬಯಲಾಯಿತೆಂದು ನನ್ನ ಮೇಲೆ ಕಣ್ಣು ಕೆಕ್ಕರಿಸಿದರು. ಅಮ್ಮ ಪರದೆಯ ಕಡೆ ಬೆರಳು ಮಾಡಿದರು.

ಅಪ್ಪ ಓದುತ್ತಿದ್ದ ಹಾಗೆಯೇ ಇನ್ನಷ್ಟು ಸಾಲುಗಳು ಬರುತ್ತಿದ್ದವು. ಹೊಟ್ಟೆಯಲ್ಲಿ ಗೆಡ್ಡೆ. ಬೆಳೆಯುತ್ತಿದೆಯಂತೆ. ಈಗ ತೆಗೆದರೆ ಹೆದರಬೇಕಾದ್ದೇನೂ ಇಲ್ಲ, ಬಿಟ್ಟರೆ ಕೈಮೀರುತ್ತದೆ ಅನ್ನುತ್ತಾರೆ ಡಾಕ್ಟರು. ಅವರು ಏನಾದರೂ ಅನ್ನಲಿ. ನಮ್ಮಮ್ಮನೂ ಹಾಗೇ ತಾನೆ ಆಪರೇಷನ್ನಿಗೆ ಅಂತ ಒಳಗೆ ಹೋದದ್ದು, ಬಂದುಬಿಡ್ತೀನಿ ಅಂತ ಕೈಯಾಡಿಸಿ ಹೋದಳು, ಬರಲೇ ಇಲ್ಲ. ನನಗೆ ಆ ಬಾಗಿಲು ದಾಟುವುದಕ್ಕೆ ಧೈರ್ಯ ಇಲ್ಲ ಅಣ್ಣ.

ಅಪ್ಪ ಸ್ಟೂಲು ಎಳೆದುಕೊಂಡು ಕೂತರು. ಆ ಸಾಲು ಮೇಲೆ ಸರಿದು ಮರೆಯಾದರೂ ಅದಿದ್ದ ಜಾಗವನ್ನೇ ನೋಡುತ್ತಿದ್ದರು. ನಾನು ಅವರ ಮುಖದ ಎದುರಿಗೆ ಬಂದು, ಫೋನನ್ನು ಇಳಿಸಿ, ಇಲ್ಲಿ ಈ ಮೈಕಿಗೆ ಮಾತಾಡಿ ಎಂದು ಸದ್ದಿಲ್ಲದೆ ಬರೀ ತುಟಿಯಾಡಿಸಿದೆ. ಏನು ಹೇಳಿದರೂ ಕಿವಿಯ ವಿಷಯ ಹೊರಗೆ ಬರುತ್ತದೆ. ಹೋದ ವಾರದ ಹೂಂ ಸುಳ್ಳು ಎಂದರೆ ವರ್ಷದ ಹೂಂಗಳೆಲ್ಲ ಸುಳ್ಳಾಗುತ್ತವೆ. ಅದು ಅವರ ಮುಖದಲ್ಲಿ ನಮಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಗುಬ್ಬಿ" ಎಂದರು.

"ಅಬ್ಬ, ಇದ್ದೀಯಾ? ನಾನೇನೋ ಅಂದ್ಕೊಂಡೆ. ಒಂದ್ಸಲ ಹೂಂ ಅನ್ನು, ಇಡ್ತೀನಿ."

ಅಪ್ಪ ಅದನ್ನು ಓದಿದರು. ಎರಡೂ ಕೈಗಳಿಂದ ಮೇಜಿನ ಅಂಚನ್ನು ಹಿಡಿದುಕೊಂಡರು.

"ಊಹೂಂ."

ಪರದೆಯ ಮೇಲೆ, ಏನಂದೆ, ಎಂದು ಬಂತು.

"ಊಹೂಂ ಅಂದೆ. ಏನೂ ಬರ್ಕೊಡಬೇಡ. ನಾನು ಯಾವತ್ತೂ ಹೂಂ ಅಂದಿಲ್ಲ ಗುಬ್ಬಿ. ನಂಗೆ ಕಿವಿ ಕೇಳಲ್ಲ. ವರ್ಷದಿಂದ ನಿನ್ನ ಒಂದು ಮಾತೂ ಕೇಳಿಲ್ಲ."

ಸ್ಪೀಕರಿನಲ್ಲಿ ಉಸಿರಾಟ ಮಾತ್ರ ಕೇಳಿಸುತ್ತಿತ್ತು. ಅದನ್ನು ಬರೆಯಲು ಸಾಫ್ಟ್‌ವೇರಿಗೆ ಬರುವುದಿಲ್ಲ. ಆಮೇಲೆ ಒಂದೇ ಒಂದು ಪದ ಮೂಡಿತು: ಗೊತ್ತು. ನಾನು ಅದು ತಪ್ಪು ಬರೆದಿದೆ ಎಂದುಕೊಂಡೆ, ಆದರೆ ನನ್ನ ಕಿವಿಗೂ ಅದೇ ಕೇಳಿಸಿತ್ತು.

"ಗೊತ್ತು ಅಣ್ಣ. ಒಂದು ದಿನ ಗ್ರಂಥಾಲಯಕ್ಕೆ ಆನೆ ನುಗ್ಗಿತ್ತು ಅಂದೆ. ಒಳ್ಳೇದಾಯ್ತು ಅಂದೆ ನೀನು. ಅವತ್ತೇ ಗೊತ್ತಾಯ್ತು." ಎಂದರು ಅತ್ತೆ. "ಅದಕ್ಕೇ ನಿನಗೆ ಹೇಳ್ತಿದ್ದೆ. ಬೇರೆ ಯಾರಿಗೆ ಹೇಳಿದ್ರೂ ಕೇಳಿಸ್ಕೊಂಡುಬಿಡ್ತಿದ್ರು."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ವರ್ಷವಿಡೀ ಅಣ್ಣ ತಂಗಿಯಿಂದ ಮುಚ್ಚಿಟ್ಟಿದ್ದ. ತಂಗಿ ಅದನ್ನು ತಿಳಿದೂ ತಿಳಿಯದ ಹಾಗೆ ಇದ್ದಳು. ಹೆದರಿಕೆಯನ್ನು ಎಲ್ಲಾದರೂ ಇಳಿಸಬೇಕಾಗಿತ್ತು, ಇಳಿಸಿದಲ್ಲಿ ಯಾರೂ ಅದನ್ನು ಕೆದಕಬಾರದಾಗಿತ್ತು. ಅದಕ್ಕೆ ಅಪ್ಪನ ಹೂಂಗಿಂತ ಒಳ್ಳೆಯ ಜಾಗ ಎಲ್ಲಿತ್ತು? ಎಲ್ಲವನ್ನೂ ತಿಳಿದುಕೊಳ್ಳಬೇಕು ಎಂದು ವಾರಗಟ್ಟಲೆ ಒದ್ದಾಡಿದ್ದ ನನಗೆ, ಇದು ತಿಳಿಯದೇ ಇದ್ದಿದ್ದರೆ ಎಷ್ಟೋ ವಾಸಿಯಿತ್ತು ಅನಿಸಿತು. ಅದರ ಹಿಂದೆಯೇ, ತಿಳಿಯದೇ ಹೋಗಿದ್ದರೆ ನಾಳೆ ಅತ್ತೆ ಸಹಿ ಹಾಕಿಬಿಡುತ್ತಿದ್ದರಲ್ಲ ಎಂದು ಹೊಳೆಯಿತು.

ಅಪ್ಪ ಮೈಕಿಗೆ ಇನ್ನಷ್ಟು ಬಾಗಿ, ಫೋನನ್ನು ಕಂಪ್ಯೂಟರಿಗೆ ಜೋಡಿಸಿದ್ದನ್ನೂ, ಅವಳ ಮಾತು ಇಲ್ಲಿ ಅಕ್ಷರವಾಗಿ ಬರುತ್ತಿರುವುದನ್ನೂ, ತಾನು ಅದನ್ನು ಓದುತ್ತಿರುವುದನ್ನೂ ಹೇಳಿದರು. ಅಲ್ಲಿ ಇನ್ನು ಯಾರಿದ್ದಾರೆ ಎಂಬ ಸಾಲು ಮೂಡಿತು.

ಅಪ್ಪ ನಮ್ಮ ಕಡೆ ನೋಡಿದರು. ಅಮ್ಮ ಚಿಮುಟ ಕೆಳಗಿಟ್ಟು ಎದ್ದರು, ನನ್ನ ರಟ್ಟೆಗೂ ಕೈ ಹಾಕಿದರು. ನಡುವೆ ಅದು ಕೆಟ್ಟುಹೋದರೆ ಅಪ್ಪನಿಗೆ ಸರಿಮಾಡಲು ಬರುವುದಿಲ್ಲ, ನಾನು ಇಲ್ಲೇ ಮೂಲೆಯಲ್ಲಿ ನಿಂತಿರುತ್ತೇನೆ ಎಂದೆ. ಕೆಟ್ಟರೆ ಕರೆಯುತ್ತಾರೆ ನಡಿ ಎಂದು ಅಮ್ಮ ನನ್ನನ್ನು ಶಟರಿನ ಕೆಳಗಿನಿಂದ ಬಗ್ಗಿಸಿ ಹೊರಗೆ ದಬ್ಬಿದರು.

ಅಂಗಡಿಯ ಮೆಟ್ಟಿಲ ಮೇಲೆ ಕೂತೆವು. ಬೀದಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಅತ್ತೆಯ ಪಿಸುದನಿ ಶಟರು ದಾಟಿ ಬರುತ್ತಿರಲಿಲ್ಲ. ಕಿವಿ ಕೇಳದವರ ಗಟ್ಟಿ ದನಿಯಲ್ಲಿ ಅಪ್ಪನ ಮಾತು ಮಾತ್ರ ಬೀದಿಗೆಲ್ಲ ಕೇಳಿಸುವಂತಿತ್ತು.

"ಮೊದಲಿಂದ ಹೇಳು" ಎಂದರು. ಓದುವಷ್ಟು ಹೊತ್ತು ಮೌನ. "ಯಾವಾಗಿಂದ?" ಮತ್ತೆ ಮೌನ. "ನೋವು ಎಲ್ಲಿ ಬರುತ್ತೆ?" ಮತ್ತೆ ಮೌನ, ಈ ಸಲ ಇನ್ನೂ ಉದ್ದ. "ಆಮೇಲೆ?"

ಒಂದೂ ಹೂಂ ಇರಲಿಲ್ಲ. ಬರೀ ಪ್ರಶ್ನೆಗಳು. ಅವುಗಳ ಉತ್ತರಗಳೆಲ್ಲ ಒಳಗೆ ಅಪ್ಪನ ಕಣ್ಣಮುಂದೆ ಮೂಡಿ ಮರೆಯಾಗುತ್ತಿದ್ದವು. ಶಟರಿನ ಸಂದಿಗೆ ಕಣ್ಣಿಟ್ಟರೆ ಪರದೆ ಕಾಣುತ್ತದೇನೋ ಎಂದು ಒಂದು ಸಲ ನನಗೆ ಅನಿಸದೇ ಇರಲಿಲ್ಲ. ಇಡಲಿಲ್ಲ. ಅದು ನನ್ನ ದೊಡ್ಡತನವಲ್ಲ, ಅಮ್ಮ ನನ್ನ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ. ಸೆಲೂನಿನವರು ಬಾಗಿಲಿಗೆ ಬಂದು, ಅಪ್ಪ ಯಾರ ಮೇಲೆ ಕೂಗಾಡುತ್ತಿದ್ದಾರೆ ಎಂದು ಸನ್ನೆ ಮಾಡಿ ಕೇಳಿದರು. ತಂಗಿಯ ಜೊತೆ ಮಾತಾಡುತ್ತಿದ್ದಾರೆ ಎಂದರು ಅಮ್ಮ.

ಒಳಗೆ ಅಪ್ಪನ ದನಿ ಒಮ್ಮೆ ಒಡೆಯಿತು. ನಮ್ಮಮ್ಮನ ಆಪರೇಷನ್ ಆದಾಗ ನೀನು ಚಿಕ್ಕವಳು, ನಿನಗೆ ಯಾರೂ ಏನೂ ಹೇಳಲಿಲ್ಲ, ಅಮ್ಮನಿಗೆ ಆಗಿದ್ದು ಬೇರೆ ಕಾಯಿಲೆ, ಕರೆದುಕೊಂಡು ಹೋಗಿದ್ದು ತೀರಾ ತಡವಾಗಿ ಎಂದು ಹೇಳುತ್ತಿದ್ದರು. ಇದನ್ನು ಅವರು ನನಗೂ ಎಂದೂ ಹೇಳಿರಲಿಲ್ಲ. ಅಮ್ಮ ನನ್ನ ರಟ್ಟೆ ಬಿಟ್ಟು ಕೈ ಹಿಡಿದುಕೊಂಡರು.

ಬಿಸಿಲು ಮೆಟ್ಟಿಲಿನಿಂದ ಇಳಿದು ಹೋದ ಮೇಲೆ ಅಪ್ಪ ಶಟರಿನ ಕೆಳಗಿನಿಂದ ಬಗ್ಗಿ ಹೊರಗೆ ಬಂದರು. ಕಣ್ಣು ಕೆಂಪಾಗಿತ್ತು. ಅಷ್ಟು ಹೊತ್ತು ಪರದೆ ನೋಡಿ ಉರಿಯುತ್ತಿದೆ ಎಂದು ನಾವು ಕೇಳದೆಯೇ ಹೇಳಿದರು. ಅಮ್ಮ ತಮ್ಮ ತುಟಿ ಕಾಣುವ ಹಾಗೆ ಎದುರಿಗೆ ನಿಂತು, ಏನಂತೆ ಎಂದು ಕೇಳಿದರು.

"ಆಪರೇಷನ್ ಮಾಡಿಸ್ಕೋ ಅಂದೆ. ಕೊನೆಗೆ ಹೂಂ ಅಂದ್ಲು."

ನನಗೆ ಹೋದ ಜೀವ ಬಂದ ಹಾಗಾಯಿತು. ಅಮ್ಮ ಅಲ್ಲೇ ನಿಂತು ಕೈ ಮುಗಿದರು. ಅಪ್ಪ ಮಾತ್ರ ನಗಲಿಲ್ಲ. ಮಹಡಿಯ ಮೆಟ್ಟಿಲು ಹತ್ತುತ್ತ, ನನ್ನ ಬಟ್ಟೆ ಒಂದು ಚೀಲಕ್ಕೆ ತುಂಬು, ಬೆಳಗಿನ ಮೊದಲನೇ ಬಸ್ಸಿಗೆ ಹೊರಡಬೇಕು ಎಂದು ಅಮ್ಮನಿಗೆ ಹೇಳಿದರು. ಅತ್ತೆ ಒಪ್ಪಿಕೊಂಡರಲ್ಲ, ದಿನ ಗೊತ್ತಾದ ಮೇಲೆ ಹೋದರೆ ಸಾಲದೇ ಎಂದು ನಾನು ಅವರ ಮುಂದೆ ಹೋಗಿ ನಿಂತು ಕೇಳಿದೆ.

"ಹೂಂ ಅಂದೋರನ್ನ ಹೇಗೆ ನಂಬ್ತೀಯೇ? ನಾನೇ ಹೋಗಿ ಪಕ್ಕದಲ್ಲಿ ಕೂತ್ಕೋತೀನಿ" ಎಂದರು ಅಪ್ಪ.